ಯಾವ ಬೀಜ ಮೇಲು? ಎರಡು ಸರಾಸರಿಗಳ ನಡುವಿನ ಲೆಕ್ಕ

ಮುಂಗಾರಿನ ಮೊದಲ ಹದಮಳೆ ಬೀಳುತ್ತಿದ್ದಂತೆ ಮಾನ್ವಿಯ ಬೀಜ-ಗೊಬ್ಬರದ ಅಂಗಡಿಗಳ ಮುಂದೆ ಸುತ್ತಲಿನ ಹಳ್ಳಿಗಳ ಜನ ಸೇರತೊಡಗುತ್ತಾರೆ. ನೀರಮಾನ್ವಿ ಅಂಥ ಹಳ್ಳಿಗಳಲ್ಲೊಂದು. ಈ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಕ್ಕವರು ಭತ್ತ ಹಚ್ಚುತ್ತಾರೆ. ಮಳೆಯನ್ನೇ ನೆಚ್ಚಿದ ಎರೆಹೊಲದವರದು ಹತ್ತಿ, ತೊಗರಿ, ಜೋಳ. ಹತ್ತಿಯವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳುವ ಪ್ರಶ್ನೆ ಒಂದೇ: ‘ಈ ಸಲ ಯಾವ ಬೀಜ ಚಲೋ ಅದ?’

ಪ್ರಶ್ನೆ ಸರಳ. ಉತ್ತರ ಮಾತ್ರ ಸರಳವಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡುವ ದಾರಿ ಹುಡುಕಲು ಜಗತ್ತಿಗೆ 20ನೇ ಶತಮಾನವೇ ಬೇಕಾಯಿತು. ಆ ದಾರಿ ಡಬ್ಲಿನ್ನಿನ ಒಂದು ಸಾರಾಯಿ ಭಟ್ಟಿಯಿಂದ ಹೊರಟು, ಇಂಗ್ಲೆಂಡಿನ ಗೋಧಿ ಹೊಲಗಳನ್ನು ಹಾದು, ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ ಹುಟ್ಟಿದ ಒಬ್ಬ ಗಣಿತಜ್ಞನನ್ನು ಮುಟ್ಟಿ, ಕೊನೆಗೆ ರಾಯಚೂರು ಜಿಲ್ಲೆಯ ಹತ್ತಿ ಹೊಲಕ್ಕೇ ಬಂದು ನಿಂತಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀರಮಾನ್ವಿಯ ಹನ್ನೆರಡು ಹೊಲಗಳಲ್ಲಿ ಆರರಲ್ಲಿ ಒಂದು ತಳಿ, ಉಳಿದ ಆರರಲ್ಲಿ ಇನ್ನೊಂದು ತಳಿ ಬಿತ್ತಿದರು ಎನ್ನಿ. ಮೊದಲನೆಯದು ಎಕರೆಗೆ ಕ್ವಿಂಟಲ್ ಲೆಕ್ಕದಲ್ಲಿ 12, 6, 9, 10, 7, 10 ಕೊಟ್ಟಿತು. ಎರಡನೆಯದು 8, 5, 10, 6, 9, 7. ಕೂಡಿಸಿ ಭಾಗಿಸಿದರೆ ಮೊದಲನೆಯದರ ಸರಾಸರಿ 9, ಎರಡನೆಯದರದು 7.5. ಎಕರೆಗೆ ಒಂದೂವರೆ ಕ್ವಿಂಟಲ್ ವ್ಯತ್ಯಾಸ! ಅಂಗಡಿಯವನು ಇಷ್ಟಕ್ಕೇ ನಿಲ್ಲಿಸಿ ಮೊದಲ ಬೀಜದ ಪೊಟ್ಟಣ ಕೈಗಿಡುತ್ತಾನೆ.

ಆದರೆ ಮೊದಲ ತಳಿಯೇ ಒಂದು ಹೊಲದಲ್ಲಿ 12, ಇನ್ನೊಂದರಲ್ಲಿ 6 ಕೊಟ್ಟಿದೆ. ಒಂದೇ ಬೀಜ ಹೊಲದಿಂದ ಹೊಲಕ್ಕೆ ಆರು ಕ್ವಿಂಟಲ್ ಜಿಗಿಯುವಾಗ, ಎರಡು ಬೀಜಗಳ ಸರಾಸರಿ ಒಂದೂವರೆ ಕ್ವಿಂಟಲ್ ಬೇರೆಯಾದದ್ದರಲ್ಲಿ ಏನು ವಿಶೇಷ? ಎರಡೂ ಬೀಜ ನಿಜವಾಗಿ ಒಂದೇ ಆಗಿದ್ದು, ಒಳ್ಳೆಯ ಹೊಲಗಳು ಸುಮ್ಮನೆ ಅದೃಷ್ಟದಿಂದ ಮೊದಲ ತಳಿಯ ಪಾಲಿಗೆ ಬಂದಿರಬಹುದಲ್ಲವೇ?

ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಹನ್ನೆರಡು ಇಳುವರಿಗಳನ್ನು ಹನ್ನೆರಡು ಚೀಟಿಗಳಲ್ಲಿ ಬರೆದು, ಗಡಿಗೆಗೆ ಹಾಕಿ ಕುಲುಕಿ, ಕಣ್ಣುಮುಚ್ಚಿ ಆರಾರು ಚೀಟಿಗಳ ಎರಡು ಗುಂಪು ಮಾಡುವುದು. ಬೀಜದ ಹೆಸರು ಈಗ ಲೆಕ್ಕಕ್ಕಿಲ್ಲ. ಹೀಗೆ ಮತ್ತೆ ಮತ್ತೆ ಮಾಡಿದರೆ, ಸುಮಾರು ನಾಲ್ಕು ಸಲಕ್ಕೊಮ್ಮೆ ಎರಡು ಗುಂಪುಗಳ ಸರಾಸರಿ ಒಂದೂವರೆ ಕ್ವಿಂಟಲ್ ಅಥವಾ ಅದಕ್ಕಿಂತ ಹೆಚ್ಚು ದೂರವಾಗುತ್ತದೆ. ಚೀಟಿಯಾಟದಲ್ಲೇ ನಾಲ್ಕಕ್ಕೊಂದು ಸಲ ಬರುವ ವ್ಯತ್ಯಾಸವನ್ನು ನಂಬಿ ಬೀಜ ಬದಲಿಸುವುದು ಹೇಗೆ?

ಸಂಖ್ಯಾಶಾಸ್ತ್ರದವರು ‘ಪರೀಕ್ಷೆ’ ಎನ್ನುವುದು ಇದನ್ನೇ. ‘ಎರಡೂ ಒಂದೇ’ ಎಂದು ಮೊದಲು ಊಹಿಸಿಕೊಳ್ಳಬೇಕು. ಇದಕ್ಕೆ ಶೂನ್ಯ ಊಹೆ ಎಂದು ಹೆಸರು. ಹಾಗಿದ್ದಲ್ಲಿ ಕಣ್ಣೆದುರಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಎಷ್ಟು ಸಲ ಬಂದೀತು ಎಂದು ಎಣಿಸಬೇಕು. ತೀರ ಅಪರೂಪಕ್ಕೆ ಬರುವಂಥದಾದರೆ ಊಹೆಯನ್ನು ಬಿಡಬೇಕು. ಆಗಾಗ ಬರುವಂಥದಾದರೆ ಬಾಯಿ ಮುಚ್ಚಿಕೊಂಡಿರಬೇಕು.

ಹೆಸರಿಲ್ಲದ ‘ವಿದ್ಯಾರ್ಥಿ’

ಈ ಲೆಕ್ಕವನ್ನು ಕೆಲವೇ ಅಳತೆಗಳಿಗೂ ಒಗ್ಗುವಂತೆ ಮಾಡಿದವನು ವಿಲಿಯಂ ಸೀಲಿ ಗಾಸೆಟ್. 1876ರಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ, 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪೆನಿಗೆ ಸೇರಿದ ಆಸಾಮಿ. ಕಂಪೆನಿಗೆ ಒಳ್ಳೆಯ ಬಾರ್ಲಿ ಬೇಕು. ಯಾವ ತಳಿಯ ಬಾರ್ಲಿ ಒಳ್ಳೆಯದು? ಮಾನ್ವಿಯ ಅಂಗಡಿ ಮುಂದಿನ ಪ್ರಶ್ನೆಯೇ ಅಲ್ಲಿಯೂ.

ಆ ಕಾಲದ ಸಂಖ್ಯಾಶಾಸ್ತ್ರದ ದೊರೆ ಲಂಡನ್ನಿನ ಕಾರ್ಲ್ ಪಿಯರ್ಸನ್. ಅವನ ಸೂತ್ರಗಳೆಲ್ಲ ನೂರಾರು, ಸಾವಿರಾರು ಅಳತೆಗಳಿದ್ದಾಗ ಮಾತ್ರ ಸರಿ. ಗಾಸೆಟ್‌ನ ಕೈಯಲ್ಲಿದ್ದದ್ದು ನಾಲ್ಕೋ ಎಂಟೋ ಹೊಲಗಳ ಫಸಲು. 1906-07ರಲ್ಲಿ ಪಿಯರ್ಸನ್ನನ ಪ್ರಯೋಗಾಲಯದಲ್ಲೇ ಕುಳಿತು ಅವನು ಇದರ ಬೆನ್ನು ಹತ್ತಿದ. ಅಳತೆಗಳು ಕಡಿಮೆ ಇದ್ದಾಗ ಏರಿಳಿತದ ಅಂದಾಜೂ ಜೋಲಿ ಹೊಡೆಯುತ್ತದೆ. ಆದ್ದರಿಂದ ಹಳೆಯ ಸೂತ್ರ ಇಲ್ಲದ ಖಚಿತತೆಯನ್ನು ತೋರಿಸುತ್ತದೆ. ಎಷ್ಟು ಜೋಲಿ, ಅದಕ್ಕೆ ಎಷ್ಟು ಮುರಿದುಕೊಳ್ಳಬೇಕು ಎಂಬ ಕೋಷ್ಟಕವನ್ನು ಗಾಸೆಟ್ 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಂಪೆನಿಯ ಅಪ್ಪಣೆ ಇರಲಿಲ್ಲ. ಲೇಖನದ ಕೆಳಗೆ ‘ಸ್ಟೂಡೆಂಟ್’ ಎಂದಷ್ಟೇ ಇತ್ತು. ಇಂದಿಗೂ ಕಾಲೇಜುಗಳಲ್ಲಿ ಕಲಿಸುವ ಪರೀಕ್ಷೆಯ ಹೆಸರು ‘ಸ್ಟೂಡೆಂಟ್‌ನ ಟಿ’. ಪಾಪ, ಆ ವಿದ್ಯಾರ್ಥಿಯ ನಿಜನಾಮ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ.

ಆ ಲೇಖನದಲ್ಲಿ ಅವನು ಉದಾಹರಣೆಗೆ ಎತ್ತಿಕೊಂಡದ್ದು ಬಾರ್ಲಿಯನ್ನಷ್ಟೇ ಅಲ್ಲ, ನಿದ್ದೆಯನ್ನೂ! ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ಎರಡು ನಿದ್ದೆ ಔಷಧಿಗಳನ್ನು ಬೇರೆ ಬೇರೆ ರಾತ್ರಿಗಳಲ್ಲಿ ಕೊಟ್ಟು, ಔಷಧಿ ಇಲ್ಲದ ರಾತ್ರಿಗಿಂತ ಎಷ್ಟು ತಾಸು ಹೆಚ್ಚು ಮಲಗಿದರು ಎಂದು ಬರೆದಿಟ್ಟಿದ್ದರು. ಮೊದಲ ಔಷಧಿಯಿಂದ ಸರಾಸರಿ 0.75 ತಾಸು ಹೆಚ್ಚು ನಿದ್ದೆ. ಎರಡನೆಯದರಿಂದ 2.33 ತಾಸು. ವ್ಯತ್ಯಾಸ 1.58 ತಾಸು. (ಔಷಧಿಗಳ ಹೆಸರನ್ನು ಬರೆದುಕೊಳ್ಳುವಾಗ ಗಾಸೆಟ್ ತಪ್ಪು ಮಾಡಿದ್ದ ಎಂಬುದು ಮುಂದೆ ಬೆಳಕಿಗೆ ಬಂತು. ಲೆಕ್ಕಕ್ಕೆ ಧಕ್ಕೆಯಿಲ್ಲ ಬಿಡಿ.)

ಇಲ್ಲಿ ಒಂದು ಸ್ವಾರಸ್ಯ ಅಡಗಿದೆ. ಈ ಇಪ್ಪತ್ತು ಅಂಕಿಗಳನ್ನು ಇಪ್ಪತ್ತು ಬೇರೆ ಬೇರೆ ರೋಗಿಗಳದೆಂದು ಬಗೆದು ಲೆಕ್ಕ ಹಾಕಿದರೆ, ನಿಜವಾದ ವ್ಯತ್ಯಾಸ ಸೊನ್ನೆಗಿಂತ 0.2 ತಾಸು ಕೆಳಗಿನಿಂದ 3.36 ತಾಸು ಮೇಲಿನವರೆಗೆ ಎಲ್ಲಿಯಾದರೂ ಇದ್ದೀತು ಎಂಬ ಉತ್ತರ ಬರುತ್ತದೆ. ಸೊನ್ನೆಯೂ ಅದರೊಳಗೇ ಇದೆ. ಅಂದರೆ ಎರಡನೆಯ ಔಷಧಿ ಮೇಲು ಎನ್ನಲು ಸಾಕ್ಷ್ಯ ಸಾಲದು. ಆದರೆ ಅವರು ಇಪ್ಪತ್ತು ಮಂದಿಯಲ್ಲ, ಹತ್ತೇ ಮಂದಿ. ಒಬ್ಬನೇ ರೋಗಿ ಎರಡೂ ಔಷಧಿ ತೆಗೆದುಕೊಂಡಿದ್ದಾನೆ. ನಿದ್ದೆಗೇಡಿ ಎರಡರಲ್ಲೂ ಕಡಿಮೆ ಮಲಗುತ್ತಾನೆ, ನಿದ್ದೆಬಡುಕ ಎರಡರಲ್ಲೂ ಹೆಚ್ಚು. ಆದ್ದರಿಂದ ಗಾಸೆಟ್ ಒಬ್ಬೊಬ್ಬ ರೋಗಿಯ ಎರಡು ಅಂಕಿಗಳನ್ನು ಮೊದಲು ಕಳೆದು, ಆ ಹತ್ತು ವ್ಯತ್ಯಾಸಗಳನ್ನು ಮಾತ್ರ ನೋಡಿದ. ಮನುಷ್ಯ-ಮನುಷ್ಯರ ನಡುವಿನ ಏರಿಳಿತ ಒಮ್ಮೆಲೇ ಜಾರಿಹೋಯಿತು. ಅದೇ ಅಂಕಿಗಳು, ಆದರೆ ಉತ್ತರದ ಹರವು ಈಗ 0.7ರಿಂದ 2.46 ತಾಸು. ಸೊನ್ನೆ ಹೊರಗುಳಿಯಿತು. ಎರಡನೆಯದೇ ಮೇಲು ಎಂಬುದಕ್ಕೆ 666ಕ್ಕೆ 1ರ ಬಾಜಿ ಕಟ್ಟಬಹುದು ಎಂದು ಗಾಸೆಟ್ ಬರೆದ.

ಈ ‘ಜೋಡಿ’ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ನೂರು ವರ್ಷಗಳ ನಂತರ ಹತ್ತಿಯ ಜಗಳದಲ್ಲಿ ಅದು ಮತ್ತೆ ಬರುತ್ತದೆ.

ಚೀಟಿ ಎತ್ತಿದ ಫಿಶರ್

ಬೇರೆ ಬೇರೆ ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವ ಇಂದಿನ ರೂಪವನ್ನು ಕೊಟ್ಟವನು ರೊನಾಲ್ಡ್ ಫಿಶರ್. 1919ರಲ್ಲಿ ಅವನು ಲಂಡನ್ನಿಗೆ ಸಮೀಪದ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರಕ್ಕೆ ಸೇರಿದಾಗ, 1843ರಿಂದ ಕೂಡಿಟ್ಟ ಗೋಧಿ-ಗೊಬ್ಬರದ ಅಂಕಿಗಳು ಅಲ್ಲಿ ರಾಶಿ ಬಿದ್ದಿದ್ದವು. 1925ರಲ್ಲಿ ಬಂದ ಅವನ ಪುಸ್ತಕ ಜಗತ್ತಿನ ಕೃಷಿ ಸಂಶೋಧಕರ ಕೈಪಿಡಿಯಾಯಿತು. ಇಪ್ಪತ್ತು ಸಲಕ್ಕೆ ಒಂದು ಸಲಕ್ಕಿಂತ ಕಡಿಮೆ ಬರುವಂಥ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳೋಣ ಎಂಬ ರೂಢಿ ಹರಡಿದ್ದೂ ಅವನಿಂದಲೇ. ಶೇಕಡಾ 5ರ ಈ ಗೆರೆಯನ್ನು ದೇವರೇನೂ ಎಳೆದದ್ದಲ್ಲ. ಅನುಕೂಲಕ್ಕೆಂದು ಎಳೆದುಕೊಂಡದ್ದು, ಕ್ರಮೇಣ ಶಾಸನವೇ ಆಗಿಬಿಟ್ಟಿತು.

ಫಿಶರ್‌ನ ದೊಡ್ಡ ಕೊಡುಗೆ ಸೂತ್ರವಲ್ಲ, ಚೀಟಿ. ಯಾವ ತುಂಡಿಗೆ ಯಾವ ಬೀಜ ಎಂಬುದನ್ನು ಮನುಷ್ಯ ನಿರ್ಧರಿಸಬಾರದು, ಚೀಟಿ ಎತ್ತಿಯೇ ಆಗಬೇಕು ಎಂದು ಅವನು ಹಟ ಹಿಡಿದ. ಮನುಷ್ಯ ಆರಿಸಿದರೆ ಗೊತ್ತಿದ್ದೋ ಗೊತ್ತಿಲ್ಲದೆಯೋ ತನಗೆ ಬೇಕಾದ ಬೀಜಕ್ಕೆ ಒಳ್ಳೆಯ ಮಣ್ಣು ಕೊಡುತ್ತಾನೆ. ಆಮೇಲೆ ಎಂಥ ಸೂತ್ರ ಹಾಕಿದರೂ ಅದು ಬೀಜದ ಗುಣವೋ ಮಣ್ಣಿನ ಗುಣವೋ ಹೇಳಲಾಗದು. ಗಾಸೆಟ್ ಇದನ್ನು ಪೂರ್ತಿ ಒಪ್ಪಲಿಲ್ಲ. ಹೊಲ ಬಲ್ಲವನು ಸಮತೂಕವಾಗಿ ಸಾಲು ಹಂಚಿದರೆ ಚೀಟಿಗಿಂತ ಮೇಲು ಎಂಬುದು ಅವನ ವಾದ. ಇಬ್ಬರೂ ಸ್ನೇಹಿತರೇ. ಆದರೂ 1937ರಲ್ಲಿ ಗಾಸೆಟ್ ತೀರಿಕೊಳ್ಳುವವರೆಗೂ ಈ ತಕರಾರು ತೀರಲಿಲ್ಲ.

ಇನ್ನೊಂದು ಕೊರತೆಯಿತ್ತು. ಪರೀಕ್ಷೆ ಹೇಳುವುದು ‘ಹೌದು’ ಅಥವಾ ‘ಗೊತ್ತಿಲ್ಲ’ ಎಂದಷ್ಟೇ. ರೈತನಿಗೆ ಬೇಕಾದದ್ದು ‘ಎಷ್ಟು?’ ಅದಕ್ಕೆ ಉತ್ತರ ಕಟ್ಟಿದವನು ಯೆರ್ಜಿ ನೇಮನ್. ಇವನೂ ಪೋಲೆಂಡಿನಲ್ಲಿ ಕೃಷಿ ಪ್ರಯೋಗಗಳ ಲೆಕ್ಕದಿಂದಲೇ ಶುರು ಮಾಡಿದವನು. 1934ರಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮುಂದೆ ‘ವಿಶ್ವಾಸಾಂತರ’ದ ವಿಚಾರ ಇಟ್ಟ, 1937ರಲ್ಲಿ ಪೂರ್ಣ ಸಿದ್ಧಾಂತ ಪ್ರಕಟಿಸಿದ. ಒಂದೇ ಅಂಕಿ ಹೇಳುವ ಬದಲು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಒಂದು ಹರವು ಹೇಳುವುದು ಇದರ ತಿರುಳು. ಮೇಲೆ ನಿದ್ದೆಯ ಔಷಧಿಗೆ ಕೊಟ್ಟ ಹರವುಗಳು ಇಂಥವೇ. ಸಭೆಯಲ್ಲಿದ್ದ ಹಿರಿಯ ಅಂಕಿ-ಅಂಶ ತಜ್ಞ ಆರ್ಥರ್ ಬೌಲಿಗೆ ಇದು ರುಚಿಸಲಿಲ್ಲ. ಈ ‘ವಿಶ್ವಾಸ’ವೇ ಒಂದು ವಿಶ್ವಾಸಘಾತದ ಆಟವಿರಬಹುದೇ ಎಂಬ ಅನುಮಾನವನ್ನು ಅವರು ಅಲ್ಲೇ ಆಡಿತೋರಿಸಿದರು.

ಶೇಕಡಾ 95ರ ವಿಶ್ವಾಸ ಎಂದರೇನು? ಇದನ್ನು ಓದಿದವರೂ ತಪ್ಪಾಗಿ ಹೇಳುವುದುಂಟು. ತುಂಗಭದ್ರೆಯಲ್ಲಿ ಬಲೆ ಬೀಸುವವನನ್ನು ನೆನೆಯಿರಿ. ಮೀನು ಕಲ್ಲಿನ ಸಂದಿಯಲ್ಲಿ ಒಂದೇ ಕಡೆ ನಿಂತಿದೆ, ಆದರೆ ಎಲ್ಲೆಂದು ಅವನಿಗೆ ಕಾಣದು. ಅವನ ಬೀಸು ಎಂಥದೆಂದರೆ ನೂರು ಸಲ ಬೀಸಿದರೆ ಸುಮಾರು 95 ಸಲ ಮೀನು ಬಲೆಯೊಳಗೆ ಬರುತ್ತದೆ. ಈಗ ಬೀಸಿದ ಬಲೆಯಲ್ಲಿ ಮೀನು ಇದೆಯೋ ಇಲ್ಲವೋ, ಹೇಳಲಾಗದು. ನಂಬಿಕೆ ಬೀಸುವ ಕೈಯ ಮೇಲೆ.

ನೀರಮಾನ್ವಿಯ ಹನ್ನೆರಡು ಹೊಲಗಳಿಗೆ ಈ ಬಲೆ ಬೀಸಿದರೆ ಬರುವ ಉತ್ತರ: ಮೊದಲ ತಳಿಯಿಂದ ಎಕರೆಗೆ ಸುಮಾರು ಒಂದು ಕ್ವಿಂಟಲ್ ನಷ್ಟದಿಂದ ಹಿಡಿದು ನಾಲ್ಕು ಕ್ವಿಂಟಲ್ ಲಾಭದವರೆಗೆ ಏನು ಬೇಕಾದರೂ ಆದೀತು. ‘ವ್ಯತ್ಯಾಸ ಸಾಬೀತಾಗಿಲ್ಲ’ ಎಂದರೆ ‘ವ್ಯತ್ಯಾಸವಿಲ್ಲ’ ಎಂದಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ನಾಲ್ಕು ಕ್ವಿಂಟಲ್ ಲಾಭವೂ ಆ ಬಲೆಯೊಳಗೇ ಇದೆಯಲ್ಲ! ಆರಾರು ಹೊಲಗಳ ಬದಲು ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಹೊಲಗಳಿದ್ದು, ಸರಾಸರಿ ಮತ್ತು ಏರಿಳಿತ ಇಷ್ಟೇ ಇದ್ದಿದ್ದರೆ ಉತ್ತರ ಎಕರೆಗೆ 0.3ರಿಂದ 2.7 ಕ್ವಿಂಟಲ್ ಲಾಭ ಎಂದಾಗುತ್ತಿತ್ತು. ಬಲೆಯನ್ನು ಅರ್ಧಕ್ಕೆ ಕಿರಿದಾಗಿಸಲು ಹೊಲಗಳನ್ನು ನಾಲ್ಕು ಪಟ್ಟು ಮಾಡಬೇಕು. ಸಂಶೋಧನೆ ದುಬಾರಿಯಾಗುವುದು ಇಲ್ಲಿಯೇ.

ಹಡಗಲಿಯ ಹುಡುಗ

ಈ ವಿದ್ಯೆ ಭಾರತಕ್ಕೆ ಬಂದದ್ದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಮೂಲಕ. 1931ರ ಡಿಸೆಂಬರಿನಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಹುಟ್ಟುಹಾಕಿದರು. ಅಲ್ಲಿಗೆ 1941ರ ಜನವರಿಯಲ್ಲಿ ಆಂಧ್ರ ವಿಶ್ವವಿದ್ಯಾಲಯದ ಗಣಿತ ಎಂ.ಎ. ಹಿಡಿದು ಬಂದ ತರುಣ ಕಲ್ಯಂಪುಡಿ ರಾಧಾಕೃಷ್ಣ ರಾವ್. ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಅಂದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ, ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನ ಹಡಗಲಿಯಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿದ್ದ ತೆಲುಗು ಮನೆತನ. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು.

ಎರಡು ಗುಂಪುಗಳನ್ನು ಒಂದೇ ಸರಾಸರಿಯಿಂದ ಹೋಲಿಸುವುದು ಸರಿ. ಹತ್ತಾರು ಸರಾಸರಿಗಳನ್ನು ಒಟ್ಟಿಗೆ ಹೋಲಿಸಬೇಕಾದರೆ? ಹತ್ತಿಯನ್ನೇ ತೆಗೆದುಕೊಂಡರೆ ಇಳುವರಿಯ ಜತೆಗೆ ಕಾಯಿಯ ತೂಕ, ಎಳೆಯ ಉದ್ದ, ಗಿಡದ ಎತ್ತರ ಎಲ್ಲವೂ ಇವೆ. ಅವು ಒಂದನ್ನೊಂದು ಅವಲಂಬಿಸಿಯೂ ಇವೆ. ಇದಕ್ಕೆ ಮಹಲನೋಬಿಸ್ 1936ರಲ್ಲಿ ‘ಡಿ-ಸ್ಕ್ವೇರ್’ ಎಂಬ ದೂರಮಾಪಕವನ್ನು ಕೊಟ್ಟಿದ್ದರು. ಅದಕ್ಕೆ ಹುಟ್ಟು ಕೊಟ್ಟದ್ದು ಮನುಷ್ಯರ ತಲೆ, ಮೂಗು ಅಳೆಯುವ ಕೆಲಸ. ಜನಾಂಗಗಳನ್ನು ಮೂಗಿನ ಅಳತೆಯಿಂದ ವಿಂಗಡಿಸುವ ಆ ಕಾಲದ ಗೀಳು ಇಂದು ಮುಜುಗರ ತರುವಂಥದು. ಅದರಿಂದ ಉಳಿದುಬಂದ ಗಣಿತ ಮಾತ್ರ ಗಟ್ಟಿಯಾದದ್ದು. ರಾವ್ ಅದನ್ನು ಬೆಳೆಸಿದರು. 1946ರಲ್ಲಿ ಕೇಂಬ್ರಿಜ್‌ಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಪರಿಶೀಲಿಸಿದರು. 1948ರಲ್ಲಿ ಫಿಶರ್ ಕೈಕೆಳಗೆ ಡಾಕ್ಟರೇಟ್ ಪಡೆದರು. 2001ರಲ್ಲಿ ಪದ್ಮವಿಭೂಷಣ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದವು. ಅದೇ ವರ್ಷದ ಆಗಸ್ಟ್ 22ರಂದು, ನೂರಾ ಎರಡು ತುಂಬಿದ ವಯಸ್ಸಿನಲ್ಲಿ, ಅಮೆರಿಕದಲ್ಲಿ ತೀರಿಕೊಂಡರು.

ಹೊಲದ ಕಡೆಗೆ ಬಂದರೆ, ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಹತ್ತಿಯ ಮೇಲೆ ಕೆಲಸ ಮಾಡಿದ ವಿ.ಜಿ. ಪಾನ್ಸೆ ಮತ್ತು ಪಿ.ವಿ. ಸುಖಾತ್ಮೆ ಸೇರಿ ಬರೆದ ಕೃಷಿ ಸಂಖ್ಯಾಶಾಸ್ತ್ರದ ಪುಸ್ತಕ 1954ರಲ್ಲಿ ಹೊರಬಂತು. ಭಾರತದ ಕೃಷಿ ಕಾಲೇಜುಗಳಲ್ಲಿ ಅದು ಪಠ್ಯವೇ ಆಯಿತು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಸಂಕರ ತಳಿಯನ್ನು 1972ರಲ್ಲಿ ಬಿಡುಗಡೆ ಮಾಡಿದ್ದು ನಾಡಿನ ಹತ್ತಿ ಬೆಳೆಗಾರರಿಗೆ ಗೊತ್ತಿರುವ ಸಂಗತಿ.

ಇಂಥ ತಳಿಗಳ ಪ್ರಯೋಗದ ವರದಿಗಳನ್ನು ತೆರೆದರೆ ಕೋಷ್ಟಕದ ತುದಿಗೆ ‘ಸಿ.ಡಿ. ಶೇ 5’ ಎಂಬ ಒಂದು ಸಾಲು ಇರುತ್ತದೆ. ನಿರ್ಣಾಯಕ ವ್ಯತ್ಯಾಸ ಎಂದು ಅದರರ್ಥ. ಎರಡು ತಳಿಗಳ ಸರಾಸರಿ ಈ ಅಂಕಿಗಿಂತ ಹೆಚ್ಚು ದೂರವಿದ್ದರೆ ಮಾತ್ರ ಒಂದು ಮೇಲು, ಇಲ್ಲದಿದ್ದರೆ ‘ಸರಿಸಮಾನ’ ಎಂದು ಬರೆಯಬೇಕು. ನೀರಮಾನ್ವಿಯ ಉದಾಹರಣೆಯಲ್ಲಿ ಆ ಅಂಕಿ 2.6 ಕ್ವಿಂಟಲ್. ಕಂಡ ವ್ಯತ್ಯಾಸ 1.5. ಫಿಶರ್‌ನ ಪರೀಕ್ಷೆ, ನೇಮನ್‌ನ ಬಲೆ ಎರಡೂ ಆ ಒಂದು ಸಾಲಿನಲ್ಲಿ ಅಡಗಿ ಕುಳಿತಿವೆ. ಎಚ್ಚರ ಬೇಕಾದದ್ದು ಇಷ್ಟು: ಇಪ್ಪತ್ತು ತಳಿಗಳನ್ನು ಒಂದೇ ತಳಿಯೊಡನೆ ಹೋಲಿಸಿದರೆ, ಎಲ್ಲವೂ ಸಮಾನವಿದ್ದರೂ ಒಂದಾದರೂ ಅದೃಷ್ಟದಿಂದ ಗೆರೆ ದಾಟುವ ಸಂಭವವೇ ಹೆಚ್ಚು.

ಮಲದಕಲ್‌ನ ಬೆಂಕಿ

1998ರ ನವೆಂಬರ್ 28. ರಾಯಚೂರು ಜಿಲ್ಲೆಯ ಮಲದಕಲ್ ಗ್ರಾಮದ ಹೊಲವೊಂದರಲ್ಲಿ ಬೆಳೆದಿದ್ದ ಹತ್ತಿ ಗಿಡಗಳನ್ನು ಕರ್ನಾಟಕ ರಾಜ್ಯ ರೈತ ಸಂಘದವರು ಕಿತ್ತು ಬೆಂಕಿಗೆ ಹಾಕಿದರು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಅದು ಮಹಿಕೊ ಕಂಪೆನಿ ಅಮೆರಿಕದ ಮಾನ್ಸಾಂಟೊ ಜತೆಗೂಡಿ ತಂದ ಬಿ.ಟಿ. ಹತ್ತಿಯ ಪ್ರಯೋಗದ ತಾಕು. ಮಣ್ಣಿನ ಒಂದು ಸೂಕ್ಷ್ಮಾಣುವಿನ ಗುಣವನ್ನು ಗಿಡಕ್ಕೆ ಸೇರಿಸಿ, ಕಾಯಿಕೊರಕ ಹುಳು ತಿಂದರೆ ಸಾಯುವಂತೆ ಮಾಡಿದ ಬೀಜ. ಆ ವರ್ಷ ಒಂಬತ್ತು ರಾಜ್ಯಗಳ 40 ಕಡೆ ಇಂಥ ಪ್ರಯೋಗಕ್ಕೆ ಕೇಂದ್ರದ ಅನುಮತಿ ಸಿಕ್ಕಿತ್ತು. ಬೀಜದ ಮೇಲೆ ಹಕ್ಕು ಯಾರದು, ರೈತರಿಗೆ ಹೇಳದೆಯೇ ಪ್ರಯೋಗ ನಡೆಸಬಹುದೇ ಎಂಬುದು ರೈತ ಸಂಘದ ಪ್ರಶ್ನೆ. ಅದಕ್ಕೆ ಸರಾಸರಿಗಳಲ್ಲಿ ಉತ್ತರವಿಲ್ಲ. ಆದರೆ ಜಗಳ ಬಹುಬೇಗ ಇನ್ನೊಂದು ಪ್ರಶ್ನೆಗೆ ಬಂದು ನಿಂತಿತು: ಬಿ.ಟಿ. ನಿಜವಾಗಿ ಹೆಚ್ಚು ಬೆಳೆಯುತ್ತದೆಯೇ?

2002ರ ಮಾರ್ಚ್ 26ರಂದು ಕೇಂದ್ರದ ಅನುಮೋದನಾ ಸಮಿತಿ ಮೂರು ಬಿ.ಟಿ. ತಳಿಗಳಿಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಮಾರ್ಟಿನ್ ಕೈಮ್ ಮತ್ತು ಡೇವಿಡ್ ಝಿಲ್ಬರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ‘ಸೈನ್ಸ್’ ಪತ್ರಿಕೆಯಲ್ಲಿ 2001ರ ಪ್ರಯೋಗಗಳ ಫಲ ಪ್ರಕಟಿಸಿದರು. ಹೆಕ್ಟೇರಿಗೆ ಬಿ.ಟಿ. 1,501 ಕಿಲೊ, ಬಿ.ಟಿ. ಗುಣವಿಲ್ಲದ ಅದೇ ತಳಿ 833 ಕಿಲೊ. ಶೇಕಡಾ 80 ಹೆಚ್ಚು! ಎರಡೂ ಅಕ್ಕಪಕ್ಕದ ತಾಕುಗಳಲ್ಲೇ ಬೆಳೆದವು. ಆದ್ದರಿಂದ ಮಣ್ಣು-ಮಳೆಯ ತಕರಾರಿಲ್ಲ. ವ್ಯತ್ಯಾಸ ಆಕಸ್ಮಿಕವೆನ್ನುವಷ್ಟು ಸಣ್ಣದೂ ಅಲ್ಲ. ಪರೀಕ್ಷೆ ಸಲೀಸಾಗಿ ಪಾಸಾಯಿತು.

ಆದರೂ ಆಕ್ಷೇಪಗಳ ಸುರಿಮಳೆಯಾಯಿತು, ಅವುಗಳಲ್ಲಿ ಹುರುಳೂ ಇತ್ತು. ಪ್ರಯೋಗ ಏರ್ಪಡಿಸಿದ್ದು ಬೀಜ ಮಾರುವ ಕಂಪೆನಿ. ಅಲ್ಲದೆ 2001ರಲ್ಲಿ ಕಾಯಿಕೊರಕದ ಹಾವಳಿ ಎಂದಿಗಿಂತ ಹೆಚ್ಚಿತ್ತು ಎಂಬುದನ್ನು ಲೇಖಕರೇ ಹೇಳಿದ್ದರು. ಹುಳು ಕೊಲ್ಲುವ ಗಿಡ ಹುಳು ಹೆಚ್ಚಿದ್ದ ವರ್ಷ ಗೆಲ್ಲದೆ ಇನ್ನೇನಾದೀತು? ವಿಶ್ವಾಸಾಂತರ ಎಷ್ಟೇ ಕಿರಿದಾಗಿದ್ದರೂ ಅದು ಆ ವರ್ಷದ, ಆ ತಾಕುಗಳ ಹರವು. ಮುಂದಿನ ವರ್ಷದ ನೀರಮಾನ್ವಿಯ ಹೊಲಕ್ಕೆ ಅದು ಜಾಮೀನು ನಿಲ್ಲದು. ಈ ಮಿತಿ ಸೂತ್ರದ ಒಳಗೆ ಎಲ್ಲಿಯೂ ಬರೆದಿರುವುದಿಲ್ಲ.

2002-03ರ ಹಂಗಾಮಿನಲ್ಲಿ ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ರೈತರನ್ನು ಕೇಳಿ, ಕೈಮ್ ಮತ್ತು ಸಂಗಡಿಗರು 2006ರಲ್ಲಿ ಇನ್ನೊಂದು ಅಧ್ಯಯನ ಹೊರತಂದರು. ಈ ಸಲ ಸರಾಸರಿ ಹೆಚ್ಚಳ ಶೇಕಡಾ 34ಕ್ಕೆ ಇಳಿಯಿತು. ರಾಯಚೂರಿನ ಪಕ್ಕದ ಅಂದಿನ ಆಂಧ್ರಪ್ರದೇಶದಲ್ಲಂತೂ ಲಾಭವೇ ಕಾಣಲಿಲ್ಲ. ಬರ, ಜತೆಗೆ ಆ ಮಣ್ಣಿಗೆ ಒಗ್ಗದ ತಳಿಗಳು. ನಾಲ್ಕು ರಾಜ್ಯಗಳ ಸರಾಸರಿಯೊಳಗೆ ಒಂದು ರಾಜ್ಯದ ಸಂಕಟ ಹೀಗೆ ಮುಚ್ಚಿಹೋಗಬಹುದು. ಅಷ್ಟರಲ್ಲಾಗಲೇ, 2005ರಲ್ಲಿ, ಮೂರೂ ತಳಿಗಳಿಗೆ ಆಂಧ್ರದಲ್ಲೂ, ಅವುಗಳಲ್ಲೊಂದಾದ ಮೆಕ್-12ಕ್ಕೆ ಇಡೀ ದಕ್ಷಿಣ ಭಾರತದಲ್ಲೂ ಅನುಮತಿ ಮುಂದುವರಿಸದಿರಲು ಸಮಿತಿ ನಿರ್ಧರಿಸಿತ್ತು.

ಇನ್ನೂ ಆಳದ ತೊಡಕೊಂದಿತ್ತು. ಆರಂಭದ ವರ್ಷಗಳಲ್ಲಿ 450 ಗ್ರಾಂ ಬಿ.ಟಿ. ಬೀಜದ ಪೊಟ್ಟಣಕ್ಕೆ 1,600 ರೂಪಾಯಿ. ಕೊಂಡವರು ಯಾರು? ಕೈಯಲ್ಲಿ ಕಾಸಿದ್ದವರು, ಬೋರ್‌ವೆಲ್ ಇದ್ದವರು, ಹೊತ್ತಿಗೆ ಸರಿಯಾಗಿ ಗೊಬ್ಬರ ಹಾಕುವವರು. ಅವರು ಯಾವ ಬೀಜ ಹಾಕಿದರೂ ನಾಲ್ಕು ಕ್ವಿಂಟಲ್ ಹೆಚ್ಚೇ ಬೆಳೆಯುತ್ತಿದ್ದರೇನೋ. ಕೊಂಡವರ ಸರಾಸರಿಯನ್ನು ಕೊಳ್ಳದವರ ಸರಾಸರಿಯೊಡನೆ ಹೋಲಿಸಿದರೆ ಬರುವ ವ್ಯತ್ಯಾಸದಲ್ಲಿ ಬೀಜದ್ದೆಷ್ಟು, ಬೋರ್‌ವೆಲ್ಲಿನದೆಷ್ಟು? ಇಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ. ಹತ್ತು ಸಾವಿರ ರೈತರನ್ನು ಕೇಳಿದರೂ ಈ ದೋಷ ಹೋಗುವುದಿಲ್ಲ. ಹೊಲಗಳು ಹೆಚ್ಚಿದಷ್ಟೂ ಬಲೆ ಕಿರಿದಾಗುತ್ತದೆ, ಆದರೆ ಮೀನಿಲ್ಲದ ಕಡೆಯೇ ಬೀಸಿದ ಬಲೆ ಕಿರಿದಾಗಿ ಪ್ರಯೋಜನವೇನು!

ಇದಕ್ಕೆ ಉತ್ತರವಾಗಿ ಬಂದದ್ದು ಗಾಸೆಟ್‌ನ ಹಳೆಯ ಜೋಡಿ ಉಪಾಯ. ಯೋನಾಸ್ ಕಾಟಗೆ ಮತ್ತು ಕೈಮ್ ಅದೇ ನಾಲ್ಕು ರಾಜ್ಯಗಳ ರೈತ ಕುಟುಂಬಗಳನ್ನು 2002ರಿಂದ 2008ರವರೆಗೆ ಮತ್ತೆ ಮತ್ತೆ ಭೇಟಿ ಮಾಡಿಸಿದರು. ಈ ಮನೆಯನ್ನು ಆ ಮನೆಯೊಡನೆ ಹೋಲಿಸದೆ, ಒಂದೇ ಮನೆಯ ಬಿ.ಟಿ. ಹಾಕಿದ ಮತ್ತು ಹಾಕದ ಫಸಲುಗಳನ್ನು ಹೋಲಿಸಿದರು. ಕಲಮಜೂ ಆಸ್ಪತ್ರೆಯಲ್ಲಿ ಒಬ್ಬನೇ ರೋಗಿ ಎರಡೂ ಔಷಧಿ ತೆಗೆದುಕೊಂಡ ಹಾಗೆ. ಜಾಣ ರೈತನ ಜಾಣತನ ಎರಡೂ ಕಡೆ ಇರುವುದರಿಂದ ಕಳೆದುಹೋಗುತ್ತದೆ. 2012ರಲ್ಲಿ ಪ್ರಕಟವಾದ ಉತ್ತರ: ಎಕರೆ ಇಳುವರಿಯಲ್ಲಿ ಶೇಕಡಾ 24 ಹೆಚ್ಚಳ, ಲಾಭದಲ್ಲಿ ಶೇಕಡಾ 50. ಎಂಬತ್ತರಿಂದ ಮೂವತ್ತನಾಲ್ಕು, ಅಲ್ಲಿಂದ ಇಪ್ಪತ್ತನಾಲ್ಕು. ಲೆಕ್ಕ ಎಚ್ಚರದ್ದಾದಂತೆ ಹೆಚ್ಚಳ ಇಳಿಯಿತು, ಆದರೆ ಸೊನ್ನೆಗೆ ಇಳಿಯಲಿಲ್ಲ. ಕಂಪೆನಿಯವರು ಮೊದಲ ಅಂಕಿಯನ್ನೇ ಹಿಡಿದು ಕುಳಿತರು, ವಿರೋಧಿಗಳು ಆಂಧ್ರದ ಅಂಕಿಯನ್ನು. ಇಬ್ಬರಿಗೂ ನಡುವಿನ ಅಂಕಿ ಬೇಡವಾಗಿತ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. 2010ರ ಮಾರ್ಚ್‌ನಲ್ಲಿ, ಗುಜರಾತಿನ ಗುಲಾಬಿ ಕಾಯಿಕೊರಕಕ್ಕೆ ಮೊದಲ ತಲೆಮಾರಿನ ಬಿ.ಟಿ. ನಾಟುತ್ತಿಲ್ಲ ಎಂದು ಮಾನ್ಸಾಂಟೊ ಕಂಪೆನಿಯೇ ಒಪ್ಪಿಕೊಂಡಿತು. 2020ರಲ್ಲಿ ಹತ್ತಿ ವಿಜ್ಞಾನಿ ಕೇಶವ ಕ್ರಾಂತಿ ಮತ್ತು ಅಮೆರಿಕದ ಮಾನವಶಾಸ್ತ್ರಜ್ಞ ಗ್ಲೆನ್ ಡೇವಿಸ್ ಸ್ಟೋನ್ ಇಪ್ಪತ್ತು ವರ್ಷಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ದೇಶದ ಹತ್ತಿ ಇಳುವರಿ ಏರಿದ್ದು ಹೆಚ್ಚಾಗಿ ಗೊಬ್ಬರ ಮತ್ತಿತರ ಕಾರಣಗಳಿಂದ ಎಂದು ವಾದಿಸಿದರು. ಅಷ್ಟರಲ್ಲಿ ದೇಶದ ಹತ್ತಿ ಹೊಲಗಳಲ್ಲಿ ಬಹುಪಾಲು ಬಿ.ಟಿ.ಯೇ ಆಗಿತ್ತು. ಹೋಲಿಸಲು ಎರಡನೆಯ ಗುಂಪೇ ಉಳಿದಿರಲಿಲ್ಲ.

ಈಗ ಮಾನ್ವಿಯ ಅಂಗಡಿಯಲ್ಲಿ ಪ್ರಶ್ನೆ ಬಿ.ಟಿ. ಬೇಕೋ ಬೇಡವೋ ಎಂಬುದಲ್ಲ. ಹತ್ತಾರು ಕಂಪೆನಿಗಳ ಹತ್ತಾರು ಬಿ.ಟಿ. ತಳಿಗಳಲ್ಲಿ ಯಾವುದು ಎಂಬುದು. ಇದೇ ಸ್ಟೋನ್ ವರಂಗಲ್ ಜಿಲ್ಲೆಯ ಹಳ್ಳಿಗಳನ್ನು ವರ್ಷಾನುಗಟ್ಟಲೆ ಗಮನಿಸಿ 2007ರಲ್ಲಿ ಬರೆದದ್ದು ಇಲ್ಲಿ ನೆನಪಾಗುತ್ತದೆ. ಅಲ್ಲಿ ಒಂದೊಂದು ವರ್ಷ ಒಂದೊಂದು ಬೀಜದ ಹೆಸರಿಗೆ ಊರಿಗೆ ಊರೇ ಮುಗಿಬೀಳುತ್ತಿತ್ತು. ಮರುವರ್ಷ ಅದನ್ನು ಬಿಟ್ಟು ಇನ್ನೊಂದಕ್ಕೆ. ಹಾಗೆ ಆರಿಸಲು ಬೇಸಾಯದ ಕಾರಣ ಹೆಚ್ಚಿನ ಸಲ ಸಿಗುತ್ತಿರಲಿಲ್ಲ, ನೆರೆಯವನು ಹಾಕಿದ್ದಾನೆ ಎಂಬುದಷ್ಟೇ ಕಾರಣ.

ಸಂಶೋಧನಾ ವರದಿಯ ಕೋಷ್ಟಕದಲ್ಲಿ ಕೊನೆಗೆ ಬರುವ ‘ಸಿ.ಡಿ.’ ಸಾಲಿಗೆ ಬೀಜದ ಪೊಟ್ಟಣದ ಮೇಲೆ ಜಾಗವಿರುವುದಿಲ್ಲ. ಅಲ್ಲಿರುವುದು ಒಡೆದು ಬಿಳಿಯಾಗಿ ಅರಳಿದ ಒಂದು ದಪ್ಪ ಕಾಯಿಯ ಬಣ್ಣದ ಚಿತ್ರ. ಹಾಗಾಗಿ ರೈತ ಬದುವಿನಾಚೆಯ ಹೊಲವನ್ನು ನೋಡುತ್ತಾನೆ. ಅದೇ ಎರೆ, ಅದೇ ಮಳೆ, ಬೇರೆ ಬೀಜ. ಗಾಸೆಟ್ ಹೇಳಿದ ಜೋಡಿಯೇ ಸರಿ. ಆದರೆ ಒಂದೇ ಜೋಡಿ.